ಪುಸ್ತಕ ನೋಡಿ ಕತ್ತಿ ಹಿಡಿದವರು

ಚಿತ್ರ ಪ್ರದರ್ಶನವೊಂದರ ನಂತರ ಆಡಿದ ಮಾತುಗಳಿವು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ಎಲ್ಲರಿಗೂ ನಮಸ್ಕಾರ.

ಈಗ ನೋಡಿದಿರಲ್ಲ, 'ರಿಕ್ಲೇಮಿಂಗ್ ದಿ ಬ್ಲೇಡ್', ಇದು 2009ರ ಸಾಕ್ಷ್ಯಚಿತ್ರ. ಹಿನ್ನೆಲೆಯ ದನಿ ಜಾನ್ ರಿಸ್-ಡೇವೀಸ್ ಅವರದು. 'ಲಾರ್ಡ್ ಆಫ್ ದಿ ರಿಂಗ್ಸ್' ನೋಡಿದವರಿಗೆ ಗಿಮ್ಲಿ ಅಂದರೆ ಗೊತ್ತಾಗುತ್ತದೆ, ಆ ಗಡ್ಡದ ಕುಳ್ಳ. ಅದೇ ಚಿತ್ರಗಳ ವಿಗೊ ಮಾರ್ಟೆನ್ಸನ್ ಕೂಡ ಇದರಲ್ಲಿದ್ದಾರೆ. ಬಾಬ್ ಆಂಡರ್ಸನ್ ಇದ್ದಾರೆ. ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದವರು, ಆಮೇಲೆ ದಶಕಗಟ್ಟಲೆ ಸಿನಿಮಾದವರಿಗೆ ಕತ್ತಿಕಾಳಗ ಕಲಿಸಿದವರು. 'ಸ್ಟಾರ್ ವಾರ್ಸ್'ನ ಎರಡು ಚಿತ್ರಗಳಲ್ಲಿ ಡಾರ್ತ್ ವೇಡರ್‌ನ ಕರಿ ವೇಷದೊಳಗೆ ನಿಂತು ಕಾದಾಡಿದ್ದೂ ಇವರೇ.

ಚಿತ್ರ ಚೆನ್ನಾಗಿದೆ. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಒಂದು ಕಡೆ ಸಿನಿಮಾದ ಕತ್ತಿ, ಇನ್ನೊಂದು ಕಡೆ ಆರುನೂರು ವರ್ಷ ಹಳೆಯ ಕೈಬರಹದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಸತ್ತುಹೋದ ವಿದ್ಯೆಯೊಂದನ್ನು ಮತ್ತೆ ಕಲಿಯಲು ಹೆಣಗುವ ಜನ. ಸ್ಟಾರ್‌ಗಳಿರುವುದು ಮೊದಲನೆಯದರಲ್ಲಿ, ಹಾಗಾಗಿ ಕ್ಯಾಮೆರಾ ಅತ್ತಲೇ ಜಾಸ್ತಿ ಓಡುತ್ತದೆ. ನನಗೆ ಎರಡನೆಯದೇ ಇಷ್ಟ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಸಿನಿಮಾ ಕತ್ತಿಯ ವಿಷಯ ಬೇಗ ಮುಗಿಸಿಬಿಡೋಣ. ಅಲ್ಲಿ ಕತ್ತಿ ಬೀಸುವುದು ಎದುರಾಳಿಗಲ್ಲ, ಅವನ ಕತ್ತಿಗೆ. ಠಣ್ ಠಣ್ ಅಂತ ಸದ್ದು ಬರಬೇಕು, ಹಿಂದಿನ ಸಾಲಿನವನಿಗೂ ಕಾಣಬೇಕು, ನಾಯಕ ಕಾದಾಡುತ್ತಲೇ ಮೆಟ್ಟಿಲು ಹತ್ತಬೇಕು, ನಡುವೆ ಎರಡು ಡೈಲಾಗ್ ಹೊಡೆಯಬೇಕು. ರಾಜ್‌ಕುಮಾರ್ ಅವರ ರಾಜರ ಕಾಲದ ಚಿತ್ರಗಳ ಕತ್ತಿವರಸೆ ನೋಡಿ ಬೆಳೆದವನು ನಾನು, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಈಗಲೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುವುದಿಲ್ಲ. ಆದರೆ ಹಳೆಯ ಪುಸ್ತಕಗಳಲ್ಲಿ ಕಾಳಗ ಎರಡು-ಮೂರು ಹೊಡೆತಕ್ಕೆ ಮುಗಿಯುತ್ತದೆ. ಅಷ್ಟು ಬೇಗ ಮುಗಿದರೆ ಟಿಕೆಟ್ ಕೊಂಡವನು ಸುಮ್ನೆ ಬಿಡುತ್ತಾನಾ?

ಸರಿ, ಕಳೆದುಹೋದದ್ದು ಏನು?

ಹದಿನಾಲ್ಕರಿಂದ ಹದಿನಾರನೇ ಶತಮಾನದ ಯುರೋಪಿನಲ್ಲಿ ಕತ್ತಿವರಸೆ ಹೇಳಿಕೊಡುವುದು ಒಂದು ಕಸುಬಾಗಿತ್ತು. ಮೇಷ್ಟ್ರುಗಳಿದ್ದರು, ಅವರದೇ ಸಂಘಗಳಿದ್ದವು. ಜರ್ಮನಿಯ ಫ್ರಾಂಕ್‌ಫರ್ಟ್‌ನ 'ಮಾರ್ಕ್ಸ್‌ಬ್ರೂಡರ್' ಅನ್ನುವ ಸಂಘಕ್ಕೆ 1487ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್ ಅಧಿಕೃತ ಹಕ್ಕುಪತ್ರವನ್ನೇ ಕೊಟ್ಟ. ಆಮೇಲೆ ಕೋವಿ ಬಂತು, ಉಕ್ಕಿನ ಕವಚ ಮೂಲೆಗೆ ಸರಿಯಿತು, ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಗೆ ಯುದ್ಧದಲ್ಲಿ ಕೆಲಸವಿಲ್ಲದಂತಾಯಿತು. ಸಿರಿವಂತರು ಸೊಂಟಕ್ಕೆ ತೆಳ್ಳಗಿನ ರೇಪಿಯರ್ ಕಟ್ಟಿಕೊಂಡರು, ಮುಂದೆ ಅದಕ್ಕಿಂತ ಹಗುರದ ಚಿಕ್ಕ ಕತ್ತಿ ಬಂತು. ಕಡೆಗೆ ಉಳಿದದ್ದು ಇವತ್ತು ಒಲಿಂಪಿಕ್ಸ್‌ನಲ್ಲಿ ನೋಡುವ ಫೆನ್ಸಿಂಗ್, ತಾಗಿದರೆ ಲೈಟ್ ಹತ್ತುವ ಆಟ.

ಈ ಬದಲಾವಣೆಯ ನಡುವೆ ಉದ್ದ ಕತ್ತಿಯ ಗುರುಪರಂಪರೆ ಕಡಿದುಹೋಯಿತು. ನಮ್ಮ ಕಡೆ ಹಾಗಲ್ಲ. ಮೈಸೂರು ದಸರಾದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿರುತ್ತೀರಿ. ಕೇರಳದಲ್ಲಿ ಕಳರಿ ಇದೆ. ಕಾಲಕ್ಕೆ ತಕ್ಕಂತೆ ಅವೂ ಎಷ್ಟೋ ಬದಲಾಗಿರಬಹುದು, ಆದರೂ ಒಬ್ಬ ಹಿರಿಯ ಒಬ್ಬ ಕಿರಿಯನ ಮೊಣಕೈ ಹಿಡಿದು, ಹಾಗಲ್ಲ ಹೀಗೆ ಅಂತ ತಿದ್ದಿದ ಕೊಂಡಿ ಅಲ್ಲಿ ಉಳಿದಿದೆ. ಜರ್ಮನಿಯ ಉದ್ದ ಕತ್ತಿಗೆ ಅಂಥ ಒಬ್ಬ ಹಿರಿಯನೂ ಉಳಿಯಲಿಲ್ಲ. ಉಳಿದದ್ದು ಪುಸ್ತಕ ಮಾತ್ರ.

ಆ ಪುಸ್ತಕಗಳದ್ದೇ ಒಂದು ದೊಡ್ಡ ಕಥೆ. ನಮಗೆ ಸಿಕ್ಕಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿದೆ. ಅದನ್ನು 'ಐ 33' ಅಂತ ಕರೆಯುತ್ತಾರೆ. ಸುಮಾರು 1300ರ ಆಸುಪಾಸಿನದು, ಜರ್ಮನಿಯದು, ಬರಹ ಲ್ಯಾಟಿನ್‌ನಲ್ಲಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಕ್ಲರ್ ಅನ್ನುವ ಪುಟ್ಟ ಗುರಾಣಿ. ಕಲಿಸುವವನು ಯಾರು ಗೊತ್ತಾ? ಒಬ್ಬ ಪಾದ್ರಿ. ನೆತ್ತಿ ಬೋಳಿಸಿಕೊಂಡು, ನಿಲುವಂಗಿ ತೊಟ್ಟು, ಶಿಷ್ಯನ ತಲೆಗೆ ಕತ್ತಿ ಬೀಸುತ್ತಿದ್ದಾನೆ. ಈ ಪುಸ್ತಕ ಜರ್ಮನಿಯ ಗೋಥಾ ಊರಿನಲ್ಲಿತ್ತು, ಎರಡನೇ ಮಹಾಯುದ್ಧದ ಹೊತ್ತಿಗೆ ಕಾಣೆಯಾಯಿತು, 1950ರಲ್ಲಿ ಲಂಡನ್‌ನ ಸೋದಬಿ ಹರಾಜಿನಲ್ಲಿ ದಿಢೀರನೆ ಪ್ರತ್ಯಕ್ಷವಾಯಿತು. ಮ್ಯೂಸಿಯಂನವರು ಅಲ್ಲಿ ಕೊಂಡುಕೊಂಡಿರದಿದ್ದರೆ ನಮಗೆ ಇದರ ಸುಳಿವೇ ಇರುತ್ತಿರಲಿಲ್ಲ.

ಇನ್ನೊಂದು ನ್ಯೂರೆಂಬರ್ಗ್‌ನ ಮ್ಯೂಸಿಯಂನಲ್ಲಿದೆ, ಸಂಖ್ಯೆ 3227ಎ. ಅದರಲ್ಲಿರುವ ಪಂಚಾಂಗದ ಆಧಾರದ ಮೇಲೆ ಬಹಳ ಕಾಲ ಅದನ್ನು 1389ರದ್ದು ಅಂತ ಹೇಳುತ್ತಿದ್ದರು. ಯಾರೋ ಒಬ್ಬ ತನಗೆ ಬೇಕಾದ್ದನ್ನೆಲ್ಲ ಗುಡ್ಡೆ ಹಾಕಿಕೊಂಡ ಪುಸ್ತಕ ಇದು. ಕಬ್ಬಿಣಕ್ಕೆ ಹದ ಕೊಡುವ ವಿಧಾನ, ಮಾಟಮಂತ್ರ, ರಸವಿದ್ಯೆ, ಅದರ ನಡುವೆ ಕತ್ತಿವರಸೆ. ಅದರಲ್ಲಿ ಯೋಹಾನೆಸ್ ಲಿಕ್ಟೆನವರ್ ಅನ್ನುವ ಮೇಷ್ಟ್ರ ಹೆಸರು ಬರುತ್ತದೆ. ಮುಂದಿನ ಇನ್ನೂರು ವರ್ಷ ಜರ್ಮನಿಯಲ್ಲಿ ಕತ್ತಿಯ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಇವನ ಹೆಸರು ಹೇಳಿಕೊಂಡೇ ಬರೆದರು. ಈತ ತನ್ನ ವಿದ್ಯೆಯನ್ನು ಪ್ರಾಸಬದ್ಧ ಪದ್ಯಗಳಲ್ಲಿ ಕಟ್ಟಿದ, ಅದೂ ಬೇಕಂತಲೇ ಒಗಟಿನ ಥರ. ಬೀದಿಯಲ್ಲಿ ಹೋಗುವವನಿಗೆಲ್ಲ ಅರ್ಥವಾಗಬಾರದು ಅಂತ. ಶಿಷ್ಯನಿಗೆ ಪದ್ಯ ಬಾಯಿಪಾಠ, ಅರ್ಥ ಮಾತ್ರ ಗುರುವಿನ ಹತ್ತಿರ. ನಮ್ಮ ಅದೃಷ್ಟಕ್ಕೆ ನಂತರದವರು ಆ ಪದ್ಯಗಳಿಗೆ ಟೀಕೆ, ಅಂದರೆ ಅರ್ಥವಿವರಣೆ, ಬರೆದಿಟ್ಟರು.

ಆ 3227ಎ ಪುಸ್ತಕದಲ್ಲೇ ಒಂದು ಮಾತಿದೆ, ಈ ಇಡೀ ಸಾಹಸದ ಮೇಲೆ ತಣ್ಣೀರು ಎರಚುವಂಥದ್ದು. ಕತ್ತಿವರಸೆಯನ್ನು ಕೈಯಲ್ಲಿ ಮಾಡಿ ತೋರಿಸಿದಷ್ಟು ಸ್ಪಷ್ಟವಾಗಿ ಹೇಳುವುದಕ್ಕೂ ಆಗಲ್ಲ, ಬರೆಯುವುದಕ್ಕೂ ಆಗಲ್ಲ, ಅನ್ನುತ್ತಾನೆ ಬರೆದವನು. ಅವನ ಓದುಗರಿಗೆ ಪಕ್ಕದ ಬೀದಿಯಲ್ಲಿ ಮೇಷ್ಟ್ರು ಸಿಗುತ್ತಿದ್ದರು. ನಮಗೆ ಅವನ ಪುಟಗಳಷ್ಟೇ ಗತಿ.

ಹಾಗಾದರೆ ಓದುವುದು ಹೇಗೆ? ಒಂದೇ ಒಂದು ಪಾಠ ತೆಗೆದುಕೊಳ್ಳೋಣ. ಲಿಕ್ಟೆನವರನ ಪದ್ಯಗಳಲ್ಲಿ ಮೊದಲು ಬರುವ ಹೊಡೆತ ಝೋರ್ನ್‌ಹಾವ್, ಸಿಟ್ಟಿನ ಹೊಡೆತ. ಮೇಲಿಂದ ಹೊಡೆಯಲು ಬಂದವನನ್ನು ಸಿಟ್ಟಿನ ಹೊಡೆತದ ಮೊನೆ ಹೆದರಿಸುತ್ತದೆ ಅಂತ ಪದ್ಯ. ಇಷ್ಟೇ. ಟೀಕೆ ಬರೆದವರು ಇದನ್ನು ಬಿಡಿಸುತ್ತಾರೆ. ಅವನು ಬಲಭುಜದ ಮೇಲಿಂದ ನಿನ್ನ ತಲೆಗೆ ಹೊಡೆಯುತ್ತಾನೆ. ನೀನು ತಡೆಯಲು ಹೋಗಬೇಡ, ನೀನೂ ನಿನ್ನ ಬಲಭುಜದ ಮೇಲಿಂದ ಅಡ್ಡ ಓರೆಯಾಗಿ ಹೊಡಿ. ಎರಡು ಕತ್ತಿ ಕೂಡುತ್ತವೆ, ಕೂಡಿ ಅಂಟಿಕೊಳ್ಳುತ್ತವೆ. ಈಗ ಕತ್ತಿಯ ಮೂಲಕವೇ ಅವನ ಕೈ ಹೇಗಿದೆ ಅಂತ ತಿಳಿದುಕೋ. ಸಡಿಲ ಇದ್ದರೆ ಅಲ್ಲಿಂದಲೇ ಮೊನೆಯನ್ನು ಮುಖಕ್ಕೆ ನೂಕು. ಬಿಗಿಯಾಗಿ ಒತ್ತುತ್ತಿದ್ದರೆ ಒತ್ತಲು ಬಿಡು, ನಿನ್ನ ಕತ್ತಿಯನ್ನು ಅವನ ಕತ್ತಿಯ ಮೇಲಕ್ಕೆ ಬಿಡಿಸಿಕೊಂಡು ಇನ್ನೊಂದು ಬದಿಯಿಂದ ತಲೆಗೆ ಹೊಡಿ.

ಓದಿದರೆ ಸಲೀಸು ಅನಿಸುತ್ತದೆ, ಅಲ್ವಾ? ಈಗ ಎದ್ದು ನಿಂತು ಮಾಡಲು ಹೋಗಿ. ಕಾಲು ಮೊದಲು ಹೋಗಬೇಕಾ, ಕೈ ಮೊದಲು ಹೋಗಬೇಕಾ? ಹೆಜ್ಜೆ ನೇರಕ್ಕೋ ಪಕ್ಕಕ್ಕೋ? ಅವನ ಕತ್ತಿಗೆ ಗುರಿಯಿಡಬೇಕಾ, ಅವನ ತಲೆಗೇನಾ? ಕೂಡಿದ ಕ್ಷಣದಲ್ಲಿ ನನ್ನ ಮೊನೆ ಅವನ ಮುಖದತ್ತ ಇರಬೇಕೋ, ಆಮೇಲೆ ತಿರುಗಿಸಿಕೊಳ್ಳಬೇಕೋ? ಬಿಗಿ ಅಂದರೆ ಎಷ್ಟು ಬಿಗಿ? ಇವಕ್ಕೆಲ್ಲ ಪುಸ್ತಕ ಉತ್ತರ ಕೊಡುವುದಿಲ್ಲ, ಕೊಟ್ಟರೂ ಅರೆಬರೆ. ಹಾಗಾಗಿ ಒಂದೂರಿನ ಗುಂಪು ಒಂದು ಥರ ಮಾಡುತ್ತದೆ, ಇನ್ನೊಂದೂರಿನವರು ಅದೇ ನಾಲ್ಕು ಸಾಲು ಓದಿ ಬೇರೆ ಥರ ಮಾಡುತ್ತಾರೆ, ಇಬ್ಬರೂ ಸೇರಿದಾಗ ಜಗಳ. ಜಗಳ ಅಂದರೆ ಬಾಯಿ ಜಗಳ ಅಲ್ಲ, ಮುಖವಾಡ ಹಾಕಿಕೊಂಡು ಪರೀಕ್ಷೆ ಮಾಡುವ ಜಗಳ. ಈ ಕೆಲಸದ ಜೀವಾಳವೇ ಇದು, ಚಿತ್ರದಲ್ಲಿ ಇದಕ್ಕೆ ಇನ್ನಷ್ಟು ಹೊತ್ತು ಕೊಡಬಹುದಿತ್ತು ಅನ್ನುವುದೇ ನನ್ನ ತಕರಾರು.

ಪುಸ್ತಕಗಳಲ್ಲಿ ಚಿತ್ರಗಳಿವೆಯಲ್ಲ, ನೋಡಿ ಕಲಿಯಬಹುದಲ್ಲ ಅಂತ ಕೇಳಬಹುದು. ಬೇಲೂರಿನ ಮದನಿಕೆಯರನ್ನು ನೋಡಿ ಹೊಯ್ಸಳರ ಕಾಲದ ಕುಣಿತ ಕಲಿಯಲು ಹೊರಟರೆ ಹೇಗಿರುತ್ತದೋ ಹಾಗೆ ಇದು. ಭಂಗಿ ಸಿಗುತ್ತದೆ. ಆ ಭಂಗಿಗೆ ಬಂದದ್ದು ಹೇಗೆ, ಅಲ್ಲಿಂದ ಹೋಗುವುದೆಲ್ಲಿಗೆ, ಯಾವ ವೇಗದಲ್ಲಿ, ಅದು ಸಿಗುವುದಿಲ್ಲ. ಮೇಲಾಗಿ ಐ 33ರ ಕಾಲದ ಚಿತ್ರಕಾರರಿಗೆ ದೂರ-ಹತ್ತಿರ ತೋರಿಸುವ ಈಗಿನ ರೀತಿ ಗೊತ್ತಿರಲಿಲ್ಲ. ಹಾಗಾಗಿ ಕತ್ತಿ ಎದುರಾಳಿಯ ಮುಂದಿದೆಯೋ ಪಕ್ಕದಲ್ಲಿದೆಯೋ ಅಂತ ಒಂದೊಂದು ಪುಟಕ್ಕೂ ವಾದ ನಡೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟದ ಪುಟ ಇರುವುದು ಫಿಯೋರೆ ದೇಯ್ ಲಿಬೆರಿ ಅನ್ನುವ ಇಟಲಿಯ ಮೇಷ್ಟ್ರ ಪುಸ್ತಕದಲ್ಲಿ. ಈತ ಫ್ರಿಯೂಲಿ ಪ್ರಾಂತ್ಯದವನು. ಸುಮಾರು 1410ರ ಹೊತ್ತಿಗೆ ಫೆರಾರಾದ ಒಡೆಯ ಮೂರನೇ ನಿಕೊಲೊಗೆ ತನ್ನ ಪುಸ್ತಕ ಅರ್ಪಿಸಿದ. ಅದರ ನಾಲ್ಕು ಪ್ರತಿಗಳು ಉಳಿದಿವೆ, ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ಒಂದು, ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರಿಯಲ್ಲಿ ಒಂದು, ಪ್ಯಾರಿಸ್‌ನಲ್ಲಿ ಒಂದು, ಇನ್ನೊಂದು ಖಾಸಗಿ ಒಡೆತನದಲ್ಲಿ. ಆ ಪುಟದ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನ ಸುತ್ತ ಏಳು ಕತ್ತಿ, ನಾಲ್ಕು ಪ್ರಾಣಿ. ತಲೆಯ ಮೇಲೆ ಕಾಡುಬೆಕ್ಕಿನ ಜಾತಿಯ ಲಿಂಕ್ಸ್, ಕೈಯಲ್ಲಿ ಅಳತೆಯ ಕೈವಾರ. ಅದು ವಿವೇಕ. ಒಂದು ಬದಿಗೆ ಬಾಣ ಹಿಡಿದ ಹುಲಿ, ವೇಗ. ಇನ್ನೊಂದು ಬದಿಗೆ ಹೃದಯ ಹಿಡಿದ ಸಿಂಹ, ಎದೆಗಾರಿಕೆ. ಕಾಲ ಕೆಳಗೆ ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಬಲ.

ಆ ಆನೆ ಏನು ಹೇಳುತ್ತದೆ ಅಂದರೆ, ನಾನು ಆನೆ, ಕೋಟೆ ಹೊತ್ತಿದ್ದೇನೆ, ನಾನು ಮಂಡಿಯೂರುವುದಿಲ್ಲ, ನೆಲೆ ತಪ್ಪುವುದಿಲ್ಲ. ಆನೆ ಮಂಡಿಯೂರುವುದಿಲ್ಲವಂತೆ! ದಸರಾ ಆನೆ ನೋಡಿದ, ದುಬಾರೆಯಲ್ಲಿ ಆನೆ ಸ್ನಾನ ನೋಡಿದ ನಮ್ಮ ಮಕ್ಕಳೇ ನಗುತ್ತಾರೆ. ಆ ಕಾಲದ ಯುರೋಪಿನಲ್ಲಿ ಆನೆಗೆ ಮಂಡಿಯ ಕೀಲೇ ಇಲ್ಲ ಅನ್ನುವ ನಂಬಿಕೆ ಇತ್ತು, ಆನೆ ನೋಡಿದವರು ಎಷ್ಟು ಜನ ಇದ್ದರು ಹೇಳಿ. ಈಗ ನೋಡಿ ಮಜಾ. ಆನೆಯ ವಿಷಯದಲ್ಲಿ ಫಿಯೋರೆ ತಪ್ಪು. ಕಾಲಿನ ವಿಷಯದಲ್ಲಿ ಸರಿ. ಹೊಡೆತ ಎಷ್ಟೇ ಜೋರಾಗಿರಲಿ, ನೆಲದ ಮೇಲೆ ಕಾಲು ಸರಿಯಾಗಿ ಕೂತಿಲ್ಲದಿದ್ದರೆ ಅಷ್ಟೇ ಕಥೆ. ಹೀಗೆ ಪುಸ್ತಕದ ಒಂದು ಮಾತು ನಿಜವೋ ಅಲ್ಲವೋ ಅಂತ ತೀರ್ಮಾನಿಸಲು ಮತ್ತೆ ಕತ್ತಿ ಹಿಡಿದು ನಿಲ್ಲಲೇಬೇಕು. ಓದು ಒಂದೇ ಸಾಲದು. 3227ಎ ಬರೆದವನೂ ಇದನ್ನೇ ಹೇಳಿದ್ದಾನೆ, ವಿದ್ಯೆ ಇಲ್ಲದ ಅಭ್ಯಾಸವಾದರೂ ಉಪಯೋಗಕ್ಕೆ ಬಂದೀತು, ಅಭ್ಯಾಸ ಇಲ್ಲದ ವಿದ್ಯೆ ಬರಲಾರದು ಅಂತ.

ಹಾಗಂತ ಕಾದಾಡಿ ನೋಡಿದರೆ ಸತ್ಯ ಗೊತ್ತಾಗಿಬಿಡುತ್ತಾ? ಇಲ್ಲ. ನನ್ನ ಮಾತಿನ ತಿರುಳು ಇಲ್ಲಿದೆ, ಸ್ವಲ್ಪ ಗಮನ ಕೊಡಿ.

ಫಿಯೋರೆ ತನ್ನ ಮುನ್ನುಡಿಯಲ್ಲಿ ಒಂದು ವಿಷಯ ಹೇಳಿಕೊಂಡಿದ್ದಾನೆ. ಬೇರೆ ಮೇಷ್ಟ್ರುಗಳಿಗೆ ವಿದ್ಯೆ ಹೇಳಿಕೊಡಲು ಒಪ್ಪದ್ದಕ್ಕೆ ಐದು ಸಲ ಹರಿತವಾದ ಕತ್ತಿಯಲ್ಲಿ ಕಾದಾಡಬೇಕಾಯಿತು, ಮೈಮೇಲೆ ಇದ್ದದ್ದು ಹತ್ತಿ ತುಂಬಿದ ಅಂಗಿ ಮತ್ತು ತೊಗಲಿನ ಕೈಗವಸು ಮಾತ್ರ ಅಂತ. ಕವಚ ತೊಟ್ಟು ಮೂರು ಸಲ ಕಾದಾಡುವುದಾದರೂ ಸರಿ, ಹೀಗೆ ಒಂದು ಸಲವೂ ಬೇಡ ಅನ್ನುತ್ತಾನೆ. ಯಾಕೆಂದರೆ ಕವಚ ಇದ್ದರೆ ನಾಲ್ಕು ಏಟು ತಿಂದೂ ಗೆಲ್ಲಬಹುದು, ಇಲ್ಲಿ ಒಂದೇ ಒಂದು ತಡೆ ತಪ್ಪಿದರೆ ಸಾವು.

ಇವತ್ತು ಕಾದಾಡುವವರ ಕೈಯಲ್ಲಿರುವುದು ಫೆಡರ್ ಅನ್ನುವ ಅಭ್ಯಾಸದ ಕತ್ತಿ. ಮೊಂಡು ಅಂಚು, ಗುಂಡಾದ ತುದಿ, ಹಿಡಿಯ ಹತ್ತಿರ ಅಗಲವಾಗಿ ಹರಡಿರುತ್ತದೆ, ತಿವಿದರೆ ಬಾಗುತ್ತದೆ. ಇಂಥ ಕತ್ತಿಗಳು ಹದಿನಾರನೇ ಶತಮಾನದ ಚಿತ್ರಗಳಲ್ಲೂ ಇವೆ, ಈಗಿನವರ ಆವಿಷ್ಕಾರವೇನಲ್ಲ. ಮುಖಕ್ಕೆ ಫೆನ್ಸಿಂಗ್ ಮುಖವಾಡ, ಅದರ ಹಿಂದೆ ತಲೆಗೆ ಹೆಚ್ಚುವರಿ ರಕ್ಷಣೆ, ಕುತ್ತಿಗೆಗೆ ಪಟ್ಟಿ, ದಪ್ಪ ಜಾಕೆಟ್, ಇಷ್ಟಿಷ್ಟು ದಪ್ಪದ ಕೈಗವಸು. ಇಷ್ಟೆಲ್ಲ ಹಾಕಿಕೊಂಡ ಮೇಲೆ ಏನಾಗುತ್ತದೆ? ಸಾವಿನ ಭಯ ಹೋಗುತ್ತದೆ. ಭಯ ಹೋದ ಕೂಡಲೇ ಜನ ಹುಚ್ಚುಹುಚ್ಚಾಗಿ ಆಡುತ್ತಾರೆ. ಅವನು ನನ್ನ ತಲೆಗೆ ಹೊಡೆಯುತ್ತಿರುವುದು ಕಾಣುತ್ತಿದ್ದರೂ ನಾನೂ ಹೊಡೆಯುತ್ತೇನೆ, ಇಬ್ಬರಿಗೂ ಒಟ್ಟಿಗೇ ಬೀಳುತ್ತದೆ. ಇದನ್ನು 'ಡಬಲ್' ಅನ್ನುತ್ತಾರೆ. ನಿಜವಾದ ಕತ್ತಿಯಾಗಿದ್ದರೆ ಎರಡು ಹೆಣ. ಪಂದ್ಯದಲ್ಲಿ ಇಬ್ಬರೂ ಎದ್ದು ಮತ್ತೆ ನಿಲ್ಲುತ್ತಾರೆ. ಇದನ್ನು ತಡೆಯಲು ಆಯೋಜಕರು ಏನೇನೋ ನಿಯಮ ಮಾಡುತ್ತಾರೆ, ಡಬಲ್ ಆದರೆ ಅಂಕ ಇಲ್ಲ, ಏಟು ತಿಂದವನು ತಕ್ಷಣ ತಿರುಗಿ ಹೊಡೆದರೆ ಮೊದಲು ಹೊಡೆದವನ ಅಂಕಕ್ಕೂ ಕತ್ತರಿ, ಹೀಗೆ. ನಿಯಮ ಬಂದ ತಕ್ಷಣ ಆ ನಿಯಮಕ್ಕೆ ತಕ್ಕ ಆಟ ಹುಟ್ಟುತ್ತದೆ. ಹೀಗಾಗಿ ಪುಸ್ತಕದ ಯಾವುದೋ ಒಂದು ಪಟ್ಟು ಪಂದ್ಯದಲ್ಲಿ ಕೆಲಸ ಮಾಡಲಿಲ್ಲ ಅಂದರೆ ಪಟ್ಟು ಸುಳ್ಳು ಅಂತಲೂ ಹೇಳುವ ಹಾಗಿಲ್ಲ. ಎದುರಾಳಿಗೆ ಸಾಯುವ ಹೆದರಿಕೆ ಇದೆ ಅಂತ ನಂಬಿ ಕಟ್ಟಿದ ಪಟ್ಟು ಅದು. ಹೆದರದವನ ಮುಂದೆ ಅದು ನಡೆಯುವುದಿಲ್ಲ.

ಆದ್ದರಿಂದ 'ಕಳೆದುಹೋದ ಕಲೆಯನ್ನು ಮರಳಿ ಪಡೆದೆವು' ಅಂತ ಚಿತ್ರ ಕೊಡುವ ಭರವಸೆ ನನಗೆ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಇವರು ಮಾಡುತ್ತಿರುವುದು ಹೊಸದಾಗಿ ಕಟ್ಟುವ ಕೆಲಸ. ಹಳೆಯ ಅಡಿಪಾಯ ಎಲ್ಲಿ ಸಿಕ್ಕಿತೋ ಅಲ್ಲಿ ಅದರ ಮೇಲೆ, ಸಿಗದ ಕಡೆ ಊಹೆಯ ಮೇಲೆ. ಅದೇನೂ ಕಡಿಮೆ ಕೆಲಸ ಅಲ್ಲ. ಹಾಗಂತ ಬಾಯಿಬಿಟ್ಟು ಹೇಳುವ ಗುಂಪುಗಳನ್ನು ಕಂಡರೆ ನನಗೆ ಗೌರವ ಜಾಸ್ತಿ. ನಾವು ಮಾಡುವುದೇ ಅಸಲಿ, ಮಿಕ್ಕವರದೆಲ್ಲ ನಕಲಿ ಅನ್ನುವವರೂ ಇದ್ದಾರೆ ಬಿಡಿ, ಅಂಥವರು ಎಲ್ಲ ಕಲೆಯಲ್ಲೂ ಇರುತ್ತಾರೆ.

ಇನ್ನೊಂದು ತೊಡಕೂ ಇದೆ. ಮರಳಿ ಕಟ್ಟುವುದು ಯಾವುದನ್ನು? ಸ್ಟ್ರಾಸ್‌ಬರ್ಗ್‌ನ ಯೋಆಕಿಮ್ ಮೇಯರ್ 1570ರಲ್ಲಿ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ, ಅದಕ್ಕಾಗಿ ಮಾಡಿದ ಸಾಲ ತೀರುವ ಮೊದಲೇ ಮರುವರ್ಷ ಸತ್ತ, ಪಾಪ. ಅವನ ಹೊತ್ತಿಗೆ ಉದ್ದ ಕತ್ತಿ ಆಗಲೇ ಊರಿನ ಪಂದ್ಯದ ಆಟವಾಗಿತ್ತು. ಅದರಲ್ಲಿ ತಿವಿಯುವಂತಿರಲಿಲ್ಲ. ಅದಕ್ಕೆ ನೂರು ವರ್ಷ ಹಿಂದೆ ಹಾನ್ಸ್ ಟಾಲ್‌ಹೋಫರ್‌ನ 1467ರ ಪುಸ್ತಕದಲ್ಲಿ ಇರುವುದು ಕೋರ್ಟು ಕಟ್ಟಲೆಯ ಕಾಳಗ, ಗೆದ್ದವನದೇ ನ್ಯಾಯ. ಅದರಲ್ಲಿ ಗಂಡ-ಹೆಂಡತಿಯ ಕಾಳಗ ಕೂಡ ಇದೆ. ಗಂಡ ಸೊಂಟದವರೆಗೆ ಗುಂಡಿಯಲ್ಲಿ, ಕೈಯಲ್ಲಿ ದೊಣ್ಣೆ. ಹೆಂಡತಿ ನೆಲದ ಮೇಲೆ, ಕೈಯಲ್ಲಿ ಕಲ್ಲು ಕಟ್ಟಿದ ಬಟ್ಟೆ. ಆಟ, ವ್ಯಾಜ್ಯ, ಯುದ್ಧ, ಬೀದಿಯ ಹೊಡೆದಾಟ, ಎಲ್ಲದಕ್ಕೂ ಕತ್ತಿ ಅನ್ನುವ ಒಂದೇ ಹೆಸರು. ಚಿತ್ರ ಇವನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತದೆ.

ಈ ಪ್ರಯತ್ನ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ 1880-90ರ ದಶಕದಲ್ಲೇ ಎಗರ್ಟನ್ ಕ್ಯಾಸಲ್, ಆಲ್‌ಫ್ರೆಡ್ ಹಟನ್ ಅನ್ನುವ ಇಬ್ಬರು ಹಳೆಯ ಪುಸ್ತಕ ಕೆದಕಿ, ವೇದಿಕೆಯ ಮೇಲೆ ಕತ್ತಿವರಸೆ ತೋರಿಸುತ್ತಿದ್ದರು. ಹಟನ್ ಸೈನ್ಯದ ಅಧಿಕಾರಿ, 1910ರಲ್ಲಿ ತೀರಿಕೊಂಡ. ಆಮೇಲೆ ಮೊದಲ ಮಹಾಯುದ್ಧ ಬಂತು, ಆಸಕ್ತಿಯೂ ಅಡಗಿತು. ಕ್ಯಾಸಲ್‌ಗೆ ಮಧ್ಯಯುಗದವರ ಕತ್ತಿ ಬಗ್ಗೆ ಒಳ್ಳೆ ಅಭಿಪ್ರಾಯ ಇರಲಿಲ್ಲ, ಬರೀ ಬಲದ ಮೇಲೆ ನಡೆಯುವ ಒರಟು ಹೊಡೆದಾಟ ಅಂದುಕೊಂಡಿದ್ದ. ಆ ಅಭಿಪ್ರಾಯ ಬಹಳ ಕಾಲ ಹಾಗೇ ಉಳಿಯಿತು. 1990ರ ನಂತರ ಇಂಟರ್ನೆಟ್ ಬಂದು, ಮ್ಯೂಸಿಯಂಗಳು ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕತೊಡಗಿದ ಮೇಲೆ ಚಿತ್ರಣ ಬದಲಾಯಿತು. ಹಳೆಯ ಜರ್ಮನ್ ಓದಬಲ್ಲವನು ಒಂದೂರಲ್ಲಿ, ಕತ್ತಿ ಹಿಡಿಯಬಲ್ಲವನು ಇನ್ನೊಂದೂರಲ್ಲಿ, ಇಬ್ಬರ ಭೇಟಿ ಪರದೆಯ ಮೇಲೆ.

ಇನ್ನು ಪ್ರಶ್ನೆಗಳು.

ಆ ಕತ್ತಿ ಎತ್ತುವುದಕ್ಕೇ ಆಗದಷ್ಟು ಭಾರ ಅಲ್ಲವಾ ಅಂತ ಒಬ್ಬರು ಕೇಳಿದರು. ಅಲ್ಲ. ಎರಡು ಕೈಯ ಉದ್ದ ಕತ್ತಿ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು, ಒಂದು ಕೈಯದು ಒಂದು ಕಿಲೋಗಿಂತ ಸ್ವಲ್ಪ ಮೇಲೆ. ಮ್ಯೂಸಿಯಂಗಳಲ್ಲಿ ಮೆರವಣಿಗೆಗೆ ಅಂತಲೇ ಮಾಡಿದ ಭಾರಿ ಕತ್ತಿಗಳೂ ಇರುತ್ತವೆ, ಗೊಂದಲಕ್ಕೆ ಅವೂ ಒಂದು ಕಾರಣ.

ಬರಿಗೈಯಲ್ಲಿ ಕತ್ತಿಯ ಅಲಗನ್ನೇ ಹಿಡಿದು ಹೊಡೆಯುವ ಚಿತ್ರ ತೋರಿಸಿದರಲ್ಲ, ಅದು ನಿಜವಾ ಅಂತ ಇನ್ನೊಬ್ಬರು. ನಿಜ. ಕವಚ ತೊಟ್ಟವನ ಮೇಲೆ ಅಲಗು ಬೀಸಿ ಪ್ರಯೋಜನವಿಲ್ಲ. ಅದಕ್ಕೆ ಒಂದು ಕೈಯಿಂದ ಅಲಗಿನ ನಡುವನ್ನು ಹಿಡಿದು ಕವಚದ ಸಂದಿಗೆ ಮೊನೆ ತೂರಿಸುತ್ತಾರೆ. ಅಥವಾ ಕತ್ತಿಯನ್ನೇ ತಿರುಗಿಸಿ ಹಿಡಿಯ ಕಡೆಯಿಂದ ತಲೆಗೆ ಬಾರಿಸುತ್ತಾರೆ. ಗಟ್ಟಿಯಾಗಿ ಹಿಡಿದರೆ ಕೈ ಕುಯ್ಯುವುದಿಲ್ಲ, ಜಾರಿದರೆ ಕುಯ್ಯುತ್ತದೆ. ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಹೆಂಗಸರು ಕಲಿಯುತ್ತಿದ್ದರಾ ಅಂತ ಹಿಂದಿನ ಸಾಲಿನ ಹುಡುಗಿ ಕೇಳಿದಳು. ಎಷ್ಟು ಮಂದಿ ಅಂತ ಹೇಳಲಾಗದು, ಆದರೆ ಆ ಐ 33 ಪುಸ್ತಕದ ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಹೆಸರು ವಾಲ್‌ಪುರ್ಗಿಸ್. ಉದ್ದ ಲಂಗ, ಕೈಯಲ್ಲಿ ಕತ್ತಿ, ಬಕ್ಲರ್, ಎದುರಿಗೆ ಅದೇ ಪಾದ್ರಿ. ಅವಳು ಯಾರು ಅಂತ ಪುಸ್ತಕ ಹೇಳುವುದಿಲ್ಲ. ಅವಳನ್ನು ತಮಾಷೆಗೆ ಬರೆದಂತೆಯೂ ಕಾಣುವುದಿಲ್ಲ, ಗಂಡಸರಿಗೆ ಇರುವ ಪಾಠವೇ ಅವಳಿಗೂ ಇದೆ.

ನಾವೂ ಶುರು ಮಾಡಬಹುದಾ ಅಂತ ಕೇಳಿದವರಿಗೆ ನನ್ನ ಉತ್ತರ ಹೀಗಿತ್ತು. ಓದುವುದಕ್ಕೆ ಖರ್ಚಿಲ್ಲ. ಗೆಟ್ಟಿ ಮ್ಯೂಸಿಯಂ ತನ್ನ ಫಿಯೋರೆ ಪುಟಗಳನ್ನು ಪುಕ್ಕಟೆಯಾಗಿ ನೆಟ್‌ನಲ್ಲಿ ಇಟ್ಟಿದೆ, 2009ರಿಂದ 'ವಿಕ್ಟೆನವರ್' ಅನ್ನುವ ತಾಣದಲ್ಲಿ ನೂರಾರು ಪುಸ್ತಕಗಳ ಪಾಠ, ಅನುವಾದ ಸಿಗುತ್ತವೆ. ಇಬ್ಬರು ಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ. ಮೊದಲು ಕೋಲು ಹಿಡಿದು ನಿಧಾನಕ್ಕೆ ಮಾಡಿ. ದುಡ್ಡು ಇದ್ದರೆ ಮೊದಲು ಕತ್ತಿ ಕೊಳ್ಳಲು ಓಡಬೇಡಿ, ಫೆನ್ಸಿಂಗ್ ಮುಖವಾಡ ಕೊಳ್ಳಿ, ಆಮೇಲೆ ಒಳ್ಳೆ ಕೈಗವಸು. ಈ ಆಟದಲ್ಲಿ ತಲೆಗಿಂತ ಹೆಚ್ಚು ಮುರಿಯುವುದು ಬೆರಳು.